ಹೆಚ್ಚುವರಿ ಕೊಠಡಿಗೆ ಮುನ್ನ ನೆಲದ ಪರೀಕ್ಷೆ

(ಮಲೆನಾಡು ಭಾಗದ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಶಾಲೆಗೆ ಇನ್ನೊಂದು ಕೊಠಡಿ, ಅಂಗನವಾಡಿಗೆ ಅಡುಗೆ ಕೋಣೆ, ಪಂಚಾಯಿತಿ ಕಚೇರಿಗೆ ಮೇಲಂತಸ್ತು: ಕ್ರಿಯಾ ಯೋಜನೆಯಲ್ಲಿ ಇಂತಹ ಕಾಮಗಾರಿ ಇಲ್ಲದ ವರ್ಷವೇ ಅಪರೂಪ. ಸಭೆಯಲ್ಲಿ ಅನುದಾನ, ಅಳತೆ ಮತ್ತು ಗುತ್ತಿಗೆಯ ಕುರಿತು ದೀರ್ಘ ಚರ್ಚೆ ನಡೆಯುತ್ತದೆ. ಕೊಠಡಿ ನಿಲ್ಲಬೇಕಾದ ನೆಲದ ಪ್ರಶ್ನೆ ಎದ್ದಾಗ ಮಾತ್ರ, “ಹಳೆಯ ಕಟ್ಟಡ ನಲವತ್ತು ವರ್ಷದಿಂದ ನಿಂತಿದೆಯಲ್ಲ” ಎಂಬ ಒಂದೇ ಮಾತಿಗೆ ಚರ್ಚೆ ಮುಗಿಯುತ್ತದೆ. ಆ ಮಾತು ಹೊಸ ಕೊಠಡಿಯ ಸುರಕ್ಷತೆಗೆ ಸಾಕ್ಷ್ಯವಾಗದು ಎಂಬುದನ್ನು ಸದಸ್ಯರು ಮೊದಲು ಮನಗಾಣಬೇಕಾಗಿದೆ.

ಇಳಿಜಾರಿನ ಊರುಗಳಲ್ಲಿ ಶಾಲೆಯ ನಿವೇಶನ ಹೇಗೆ ಸಿದ್ಧವಾಗಿರುತ್ತದೆ ಎಂಬುದನ್ನು ನೆನೆದರೆ ಕಾರಣ ತಿಳಿಯುತ್ತದೆ. ಗುಡ್ಡದ ಒಂದು ಪಾರ್ಶ್ವವನ್ನು ಕಡಿದು, ಆ ಮಣ್ಣನ್ನೇ ಕೆಳಗಿನ ಅಂಚಿಗೆ ಸುರಿದು ಮಟ್ಟಸ ಮಾಡಲಾಗಿರುತ್ತದೆ. ಹಳೆಯ ಕಟ್ಟಡ ಕಡಿದ ಗಟ್ಟಿ ನೆಲದ ಮೇಲೆ ಕುಳಿತಿರುತ್ತದೆ. ಹೊಸ ಕೊಠಡಿಗೆ ಉಳಿಯುವುದು ಎರಡೇ ಸ್ಥಳ: ಒಂದು, ತುಂಬಿದ ಮಣ್ಣಿನ ಅಂಚು, ಇನ್ನೊಂದು, ಗುಡ್ಡವನ್ನು ಮತ್ತಷ್ಟು ಕಡಿದು ಪಡೆಯುವ ಜಾಗ. ಮೊದಲನೆಯದರಲ್ಲಿ ಸಡಿಲ ಮಣ್ಣು ಭಾರಕ್ಕೆ ಕುಸಿಯುತ್ತದೆ. ಎರಡನೆಯದರಲ್ಲಿ ಗುಡ್ಡದ ಬುಡದ ಆಧಾರ ತಪ್ಪುತ್ತದೆ. ಒಂದೇ ಆವರಣದ ಎರಡು ಕಟ್ಟಡಗಳು ಹೀಗೆ ಎರಡು ಬಗೆಯ ನೆಲದ ಮೇಲೆ ನಿಲ್ಲುತ್ತವೆ.

2018ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಕೊಡಗು ಜಿಲ್ಲೆಯ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆ ಗುಡ್ಡಗಳು ಜರಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಅಧ್ಯಯನವು ಅತಿವೃಷ್ಟಿಯ ಜೊತೆಗೆ, ರಸ್ತೆ ಹಾಗೂ ಕಟ್ಟಡಗಳಿಗಾಗಿ ಇಳಿಜಾರನ್ನು ರಕ್ಷಣೆಯಿಲ್ಲದೆ ಕಡಿದಿರುವುದನ್ನೂ ಕಾರಣವಾಗಿ ಎತ್ತಿ ತೋರಿಸಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಹಾನಿಯಾಯಿತು. ಬಂಡೆಯ ಮೇಲಿರುವ ದಪ್ಪನೆಯ ಶಿಥಿಲ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಅದರ ಹಿಡಿತವೂ ಸಡಿಲುತ್ತದೆ. ಬುಡವನ್ನು ಕಡಿದಿದ್ದರೆ ಅದನ್ನು ತಡೆಯಲು ಏನೂ ಉಳಿದಿರುವುದಿಲ್ಲ. ಅನೇಕ ಮಳೆಗಾಲಗಳನ್ನು ತಾಳಿದ ಇಳಿಜಾರು ಮುಂದಿನ ಮಳೆಗಾಲವನ್ನೂ ತಾಳುವುದೆಂಬ ಖಾತರಿಯಿಲ್ಲ.

ಭೂಕಂಪದ ವಿಷಯದಲ್ಲಿಯೂ ಪಾಠ ಇದೇ. ನೆರೆಯ ಮಹಾರಾಷ್ಟ್ರದ ಕಿಲ್ಲಾರಿ ಪ್ರದೇಶವು ಅಂದಿನ ನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಸಾವಿರಾರು ಮಂದಿ ತಮ್ಮ ಮನೆಗಳ ಗೋಡೆಗಳಡಿಯಲ್ಲಿಯೇ ಮಡಿದರು.

ಪರಿಶೀಲನೆಯ ಮೊದಲ ಹಂತಕ್ಕೆ ಯಂತ್ರ ಬೇಕಿಲ್ಲ. ಸದಸ್ಯರ ಕಣ್ಣು ಸಾಕು. ಹಳೆಯ ಕಟ್ಟಡದ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕುಗಳಿವೆಯೇ? ಮೇಲಿನ ಗುಡ್ಡದಲ್ಲಿ ನೆಲ ಬಾಯಿ ಬಿಟ್ಟಿದೆಯೇ? ಮರಗಳು, ವಿದ್ಯುತ್ ಕಂಬಗಳು ವಾಲಿವೆಯೇ? ತಡೆಗೋಡೆ ಉಬ್ಬಿದೆಯೇ? ಮಳೆಗಾಲದಲ್ಲಿ ಹೊಸದಾಗಿ ಒರತೆ ಒಸರುತ್ತದೆಯೇ? ಈ ಸ್ಥಳದಲ್ಲಿ ಹಿಂದೆ ಕೆರೆಯೋ ಹಳ್ಳವೋ ಇತ್ತೇ ಎಂಬುದನ್ನು ಊರಿನ ಹಿರಿಯರಿಂದ ಕೇಳಿ ತಿಳಿಯಬೇಕು. ಸರ್ವೇಕ್ಷಣ ಸಂಸ್ಥೆಯು 1:50,000 ಪ್ರಮಾಣದಲ್ಲಿ ಸಿದ್ಧಪಡಿಸಿದ ಭೂಕುಸಿತ ಸಂಭಾವ್ಯತೆಯ ನಕ್ಷೆಗಳು ‘ಭೂಕೋಶ’ ಜಾಲತಾಣದಲ್ಲಿ ದೊರೆಯುತ್ತವೆ. ಆ ಪ್ರಮಾಣದಲ್ಲಿ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಅರ್ಧ ಕಿಲೋಮೀಟರಿಗೆ ಸಮ. ಆದುದರಿಂದ ನಕ್ಷೆ ಎಚ್ಚರಿಸಬಲ್ಲದೇ ಹೊರತು ಒಂದು ನಿವೇಶನದ ಬಗ್ಗೆ ತೀರ್ಪು ಕೊಡಲಾರದು.

ಎರಡನೆಯ ಹಂತ ಎಂಜಿನಿಯರರದು. ಹೊಸ ಕೊಠಡಿಯ ಜಾಗದಲ್ಲಿ, ವಿಶೇಷವಾಗಿ ಕಡಿದ ನೆಲ ಮತ್ತು ತುಂಬಿದ ನೆಲ ಎರಡರಲ್ಲಿಯೂ, ಪರೀಕ್ಷಾ ಗುಂಡಿ ತೆಗೆಸಬೇಕು. ಬಿಡಿ ತಳಪಾಯಗಳಿಗೆ ಸಾಮಾನ್ಯವಾಗಿ ತಳಪಾಯದ ಮಟ್ಟದಿಂದ ಅದರ ಅಗಲದ ಒಂದೂವರೆ ಪಟ್ಟು ಆಳದವರೆಗೆ ಮಣ್ಣನ್ನು ಅರಿಯಬೇಕೆಂಬುದು ಭಾರತೀಯ ಮಾನಕದ ಸೂಚನೆ. ತುಂಬಿದ ಮಣ್ಣಿದ್ದರೆ ಅದು ಮುಗಿದು ಗಟ್ಟಿ ನೆಲ ಸಿಗುವವರೆಗೂ ಹೋಗಬೇಕು. ಕೊಳವೆ ಕೊರೆದು ಪರೀಕ್ಷಿಸುವಾಗ 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಎಷ್ಟು ಪೆಟ್ಟಿಗೆ ಕೊಳವೆ ಮಣ್ಣಿಗಿಳಿಯಿತು ಎಂದು ಎಣಿಸುತ್ತಾರೆ. ಪೆಟ್ಟು ಕಡಿಮೆಯಾದಷ್ಟೂ ನೆಲ ಸಡಿಲ. ಏಪ್ರಿಲ್ ತಿಂಗಳಲ್ಲಿ ತೆಗೆದ ಗುಂಡಿ ಒಣಗಿದ್ದ ಮಾತ್ರಕ್ಕೆ ಆ ನೆಲ ಆಗಸ್ಟ್ ತಿಂಗಳಲ್ಲಿಯೂ ಒಣಗಿರದು. ಮಳೆಗಾಲದ ನೀರಿನ ಮಟ್ಟವನ್ನು ವರದಿಯಲ್ಲಿ ಪ್ರತ್ಯೇಕವಾಗಿ ಕೇಳಬೇಕು.

ಹಳೆಯ ಕಟ್ಟಡದ ತಳಪಾಯವನ್ನೂ ಒಂದೆರಡು ಕಡೆ ಬಗೆದು ನೋಡುವುದು ಅವಶ್ಯ. ಒಂದೇ ಅಂತಸ್ತಿಗೆಂದು ಹಾಕಿದ ಕಲ್ಲಿನ ತಳಪಾಯ ಎರಡನೆಯದನ್ನು ಹೊರಲಾರದಿರಬಹುದು. ಪಕ್ಕದಲ್ಲಿ ಅದಕ್ಕಿಂತ ಆಳವಾಗಿ ಅಗೆದರೆ ಹಳೆಯ ಗೋಡೆಯ ಕಾಲಡಿಯ ಮಣ್ಣೇ ಸರಿಯುವ ಅಪಾಯವಿದೆ. ಹಳೆಯ ಗೋಡೆಗೆ ಹೊಸ ಗೋಡೆಯನ್ನು ಬೆಸೆದು ಕಟ್ಟಿದರೆ, ಒಂದು ಕುಸಿದಾಗ ಎರಡೂ ಸೀಳುತ್ತವೆ. ನಡುವೆ ಬೇರ್ಪಡಿಕೆ ಸಂದು ಬಿಡುವುದು ಕ್ಷೇಮ. ಕಡಿದ ಮಣ್ಣನ್ನು ಕೆಳಗಿನ ಇಳಿಜಾರಿಗೆ ಸುರಿಯಬಾರದು. ಚಾವಣಿಯ ನೀರನ್ನು ಚರಂಡಿಯ ಮೂಲಕ ದೂರ ಸಾಗಿಸಬೇಕು. ಬಯಲು ಸೀಮೆಯಲ್ಲಿ ಉಪಕಾರಿಯಾದ ಇಂಗುಗುಂಡಿ, ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಮಣ್ಣಿಗೆ ನೀರೂಡಿಸಿ ಅಪಾಯ ತರಬಹುದು.

ಆಡಳಿತದ ಕಷ್ಟವೂ ನಿಜವಾದದ್ದೇ. ಮಾರ್ಚ್ ಅಂತ್ಯದೊಳಗೆ ಅನುದಾನ ವೆಚ್ಚವಾಗಬೇಕು; ಬೇರೆ ಜಾಗ ಸುಲಭವಾಗಿ ಸಿಗದು; ಮಕ್ಕಳು ಜಗಲಿಯಲ್ಲಿ ಕುಳಿತು ಪಾಠ ಕೇಳುತ್ತಿರುತ್ತಾರೆ. ಆದಕಾರಣವೇ ಮಣ್ಣು ಪರೀಕ್ಷೆ ಅಂದಾಜು ಪಟ್ಟಿಯ ಮೊದಲ ಬಾಬ್ತಾಗಿರಬೇಕು. ಗುತ್ತಿಗೆ ನೀಡಿದ ಬಳಿಕ ಬರುವ ವರದಿ ಕಡತಕ್ಕೆ ಸೇರುತ್ತದೆಯೇ ವಿನಾ ತೀರ್ಮಾನವನ್ನು ಬದಲಿಸುವುದಿಲ್ಲ. ಪ್ರಸ್ತಾವ ಸಭೆಯ ಮುಂದೆ ಬಂದಾಗ ಪ್ರತಿಯೊಬ್ಬ ಸದಸ್ಯರೂ ಮೂರು ಪ್ರಶ್ನೆ ಕೇಳುವ ಅಧಿಕಾರ ಉಳ್ಳವರು. ಗುಂಡಿ ತೆಗೆದದ್ದು ಹೊಸ ಕೊಠಡಿಯ ಜಾಗದಲ್ಲಿಯೋ, ಅಂಗಳದ ಅನುಕೂಲದ ಮೂಲೆಯಲ್ಲಿಯೋ? ನೆಲ ಪ್ರತಿ ಚದರ ಮೀಟರಿಗೆ ಎಷ್ಟು ಟನ್ ಭಾರವನ್ನು ಸುರಕ್ಷಿತವಾಗಿ ಹೊರಬಲ್ಲದು, ಕಟ್ಟಡ ಎಷ್ಟು ಹೊರಿಸುತ್ತದೆ? ಹಿಂದಿನ ಗುಡ್ಡವನ್ನು ಪರಿಶೀಲಿಸಿ ಸಹಿ ಮಾಡಿದವರು ಯಾರು?

ಈ ಮೂರಕ್ಕೆ ಉತ್ತರ ದೊರೆಯದಿದ್ದರೆ ಪ್ರಸ್ತಾವವನ್ನು ಮುಂದೂಡುವುದು, ನೆಲ ಒಲ್ಲದೆಂದು ತಿಳಿದರೆ ಜಾಗವನ್ನೇ ಬದಲಿಸುವುದು ಅಭಿವೃದ್ಧಿಗೆ ಅಡ್ಡಿಯೆನಿಸದು. ಒಂದು ವರ್ಷ ತಡವಾಗಿ ಕಟ್ಟಿದ ಕೊಠಡಿಯಲ್ಲಿ ಮಕ್ಕಳು ಓದಬಲ್ಲರು. ಜರಿದ ಗುಡ್ಡದಡಿ ಸಿಲುಕಿದ ಕೊಠಡಿಗೆ ಎರಡನೆಯ ಅವಕಾಶವಿರುವುದಿಲ್ಲ.