ಚುಕ್ಕೆ ಗೆರೆಗಳ ಮಾತು



ಮನೆಗೆ ತಂತಿ ಬಂತೆಂದರೆ ಒಡೆದು ಓದುವ ಮೊದಲೇ ಎದೆ ಝಲ್ಲೆನ್ನುತ್ತಿದ್ದ ಕಾಲ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು. ಆದರೆ ಒಂದು ಕಾಲದಲ್ಲಿ ಆ ತಂತಿಗಳನ್ನು ಹೊತ್ತು ತರುತ್ತಿದ್ದ ಮೋರ್ಸ್ ಸಂಕೇತ ಮಾತ್ರ ಇನ್ನೂ ಜೀವಂತವಾಗಿದೆ. ಅದನ್ನು ಉಳಿಸಿಕೊಂಡು ಬಂದವರಲ್ಲಿ ಮುಖ್ಯರು ಹವ್ಯಾಸಿ ರೇಡಿಯೋ ಬಳಗದವರು. ಇವರನ್ನು ಹ್ಯಾಮ್‌ಗಳು ಎನ್ನುತ್ತಾರೆ. ಮನೆಯ ಮೂಲೆಯೊಂದರಲ್ಲಿ ಕುಳಿತು ಅವರು ಈ ನಿಲಯವನ್ನು ನಡೆಸುವ ಬಗೆಯನ್ನು ಇಂದು ನೋಡೋಣ.

ಮೋರ್ಸ್‌ನಲ್ಲಿ ಇರುವುದು ಎರಡೇ ಸದ್ದು. ಚುಕ್ಕೆಗೆ ಡಿಟ್, ಗೆರೆಗೆ ಡಾ. ಇಂಗ್ಲಿಷಿನ ಎ ಅಕ್ಷರ ಡಿಟ್ ಡಾ. ಅದನ್ನೇ ತಿರುಗಿಸಿ ಡಾ ಡಿಟ್ ಎಂದರೆ ಎನ್. ನಮ್ಮ ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಲ್ಲಿ ಚುಕ್ಕೆಗೆ ಒಂದು, ಗೆರೆಗೆ ಮೂರು. ಅಕ್ಷರಗಳ ನಡುವೆ ಮೂರು ಮಾತ್ರೆಗಳ ಬಿಡುವು, ಪದಗಳ ನಡುವೆ ಏಳು. ಆದ್ದರಿಂದಲೇ ಇದನ್ನು ಕಣ್ಣಿನಿಂದಲ್ಲ, ತಾಳದಂತೆ ಕಿವಿಯಿಂದ ಕಲಿಯಬೇಕು.

ನಿಲಯಕ್ಕೆ ಬೇಕಾದದ್ದು ಒಂದು ರಿಸೀವರ್, ಒಂದು ಟ್ರಾನ್ಸ್‌ಮಿಟರ್, ಬೆರಳಿನಿಂದ ಒತ್ತುವ ಕೀ ಮತ್ತು ಒಂದು ಆಂಟೆನಾ. ಏಳು ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡಲು ಸುಮಾರು 20 ಮೀಟರ್ ತಾಮ್ರದ ತಂತಿ ಸಾಕು. ಅದನ್ನು ನಡುವೆ ಕತ್ತರಿಸಿ, ಅಲ್ಲಿಂದ ಕೇಬಲ್ ಇಳಿಸಿ, ಎರಡು ತುದಿಗಳನ್ನೂ ತೆಂಗಿನ ಮರಗಳಿಗೆ ಕಟ್ಟಬಹುದು. ಹಗಲಿನಲ್ಲಿ ಇದು ಕೆಲವು ನೂರು ಕಿಲೋಮೀಟರ್ ಮುಟ್ಟುತ್ತದೆ. ಹೊತ್ತು ಮುಳುಗಿದ ಮೇಲೆ ಅಲೆಗಳು ಆಕಾಶದ ಮೇಲ್ಪದರದಿಂದ ಬಾಗಿ ಮರಳಿ ಸಾವಿರಾರು ಕಿಲೋಮೀಟರ್ ದೂರಕ್ಕೂ ಹೋಗಬಲ್ಲವು. ಆಂಟೆನಾ ಕಟ್ಟುವಾಗ ಎರಡು ಎಚ್ಚರ: ವಿದ್ಯುತ್ ಲೈನಿನ ಹತ್ತಿರ ತಂತಿ ಎಳೆಯಬಾರದು, ಗುಡುಗು ಮಿಂಚು ಬರುವ ಮೊದಲೇ ಕೇಬಲನ್ನು ಕಳಚಿಡಬೇಕು.

ಫೋನ್ ಇರುವಾಗ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಮಾತನ್ನು ಕಳಿಸಲು ಸುಮಾರು 2,500 ಹರ್ಟ್ಸ್ ಅಗಲದ ದಾರಿ ಬೇಕು. ಮೋರ್ಸ್‌ಗೆ ಒಂದೆರಡು ನೂರು ಹರ್ಟ್ಸ್ ಸಾಕು. ಶಕ್ತಿಯೆಲ್ಲ ಆ ಕಿರಿದಾದ ದಾರಿಯಲ್ಲೇ ಹೋಗುವುದರಿಂದ, ಮಾತು ಗೊರಗೊರ ಸದ್ದಿನಲ್ಲಿ ಮುಳುಗಿಹೋದರೂ ಡಿಟ್ ಡಾ ಕಿವಿಗೆ ಸಿಗುತ್ತದೆ. ಬ್ಯಾಟರಿಯಿಂದ ನಡೆಯುವ ಐದು ವಾಟ್‌ನ ಪುಟ್ಟ ಪೆಟ್ಟಿಗೆಯಿಂದ ಬೇರೆ ದೇಶವನ್ನು ಮುಟ್ಟಿದವರಿದ್ದಾರೆ.

2001ರ ಭುಜ್ ಭೂಕಂಪದಲ್ಲಿ ಫೋನುಗಳು ಸತ್ತುಹೋದಾಗ ಸುದ್ದಿ ಸಾಗಿಸಲು ಹ್ಯಾಮ್‌ಗಳು ನೆರವಾದರು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹ್ಯಾಮ್ ತಂಡವೊಂದು ಅಂಡಮಾನಿನಲ್ಲೇ ಇತ್ತು. ದ್ವೀಪದಲ್ಲಿದ್ದವರ ಕ್ಷೇಮ ಸಮಾಚಾರ ಅವರ ರೇಡಿಯೋ ಮೂಲಕ ಹೊರಜಗತ್ತಿಗೆ ತಲುಪಿತು. ವಿದ್ಯುತ್ತೂ ಟವರೂ ಇಲ್ಲದ ದಿನ ನಮ್ಮೂರಿಗೂ ಬರಬಹುದು. ಆಗ ಕೆಲಸಕ್ಕೆ ಬರುವುದು ಮೊದಲೇ ಕಲಿತಿಟ್ಟುಕೊಂಡ ವಿದ್ಯೆ.

ಇನ್ನು ಭಾಷೆಯ ವಿಷಯ. ಡಾ ಡಿಟ್ ಡಾ ಡಿಟ್, ಡಾ ಡಾ ಡಿಟ್ ಡಾ. ಇದು ಸಿ ಕ್ಯೂ. ಯಾರಾದರೂ ಕೇಳುತ್ತಿದ್ದರೆ ಉತ್ತರಿಸಿ ಎಂಬ ಕರೆ. ಕ್ಯೂ ಟಿ ಎಚ್ ಎಂದರೆ ಊರು. ಕ್ಯೂ ಆರ್ ಎಸ್ ಎಂದರೆ ನಿಧಾನವಾಗಿ ಕಳಿಸಿ. 73 ಎಂದರೆ ಶುಭಾಶಯ. ಜಪಾನಿನವರಿಗೂ ರಷ್ಯಾದವರಿಗೂ ಇವುಗಳ ಅರ್ಥ ಒಂದೇ. ಹೊಸಬರು ಕರೆದರೆ ಪಳಗಿದವರು ತಮ್ಮ ವೇಗ ತಗ್ಗಿಸಿ ಅವರ ವೇಗಕ್ಕೆ ಇಳಿಯುವುದು ಇಲ್ಲಿನ ಮರ್ಯಾದೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವ ನಮಗೆ ಈ ಮರ್ಯಾದೆ ಹೊಸದೇನಲ್ಲ.

ಆದರೆ ಒಂದು ಮಾತು. ಪರವಾನಿಗೆ ಇಲ್ಲದೆ ಒಂದು ಚುಕ್ಕೆಯನ್ನೂ ಗಾಳಿಗೆ ಬಿಡುವಂತಿಲ್ಲ. ಕೇಂದ್ರ ಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕರೆಸಂಕೇತ ಪಡೆಯಬೇಕು. ನಮ್ಮಲ್ಲಿ ಅದು ಸಾಮಾನ್ಯವಾಗಿ ವಿ ಯು ಎಂದು ಶುರುವಾಗುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರ ಕರೆಸಂಕೇತ ವಿ ಯು 2 ಆರ್ ಜಿ. ವ್ಯಾಪಾರದ ಮಾತಿಗೂ ಗುಟ್ಟಿನ ಲಿಪಿಗೂ ಇಲ್ಲಿ ಅವಕಾಶವಿಲ್ಲ.

ಮೋರ್ಸ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು 2003ರ ಜಾಗತಿಕ ರೇಡಿಯೋ ಸಮ್ಮೇಳನ ಆಯಾ ದೇಶಗಳಿಗೇ ಬಿಟ್ಟಿತು. ಅನೇಕ ದೇಶಗಳು ಕೈಬಿಟ್ಟವು. ಆದರೂ ಜನ ಕಲಿಯುವುದನ್ನು ಬಿಡಲಿಲ್ಲ. ಕಡ್ಡಾಯ ಇಲ್ಲದಿದ್ದರೂ ದಿನವೂ ಬಳಸುವವರು ಇರುವುದರಿಂದ ಅದು ಉಳಿದಿದೆ. ಭಾಷೆ ಹೇಗೆ ಉಳಿಯುತ್ತದೆ ಎಂದು ಗಡಿಯಲ್ಲಿ ಬಾಳುವ ನಮಗೆ ಬೇರೆ ಹೇಳಬೇಕಾಗಿಲ್ಲ.

ಕಲಿಯಲು ಇಂದೇ ಆರಂಭಿಸಬಹುದು. ಒಂದು ಬ್ಯಾಟರಿ, ಒಂದು ಸಣ್ಣ ಬಜರ್, ಒಂದು ಒತ್ತುಗುಂಡಿ ಇದ್ದರಾಯಿತು. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ದಿನಕ್ಕೆ ಎರಡು ಅಕ್ಷರ ಕಲಿಸಿ. ಎರಡು ವಾರಗಳಲ್ಲಿ ಇಪ್ಪತ್ತಾರೂ ಮುಗಿಯುತ್ತವೆ.

ಎಲ್ಲರಿಗೂ 73. ನಮಸ್ಕಾರ.