ಜೆರ್ಸಿ ಯಾರದ್ದು, ಕ್ಲಬ್ಬು ಯಾರದ್ದು?

ಕಳೆದ ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಕಾಪು ಹತ್ತಿರದ ಊರು ನಮ್ಮದು. ಸಂಜೆ ಯುವಕ ಮಂಡಲದ ನಾಲ್ಕೈದು ಹುಡುಗರು ಮನೆಗೆ ಬಂದ್ರು. "ಅಣ್ಣಾ, ನಮ್ಮ ಕ್ಲಬ್ಬಿಗೆ ನಲವತ್ತು ವರ್ಷ ಆಯ್ತು. ಸ್ಮರಣ ಸಂಚಿಕೆ ಮಾಡ್ತಾ ಇದ್ದೇವೆ. ನೀವೊಂದು ಲೇಖನ ಬರೆದು ಕೊಡ್ಬೇಕು" ಅಂದ್ರು. ಆಯ್ತು ಅಂದೆ.

ಬರೆಯೋದಕ್ಕೆ ವಿಷಯ ಬೇಕಲ್ವಾ? ಕೇಳಿದೆ: ಮೊದಲ ಅಧ್ಯಕ್ಷರು ಯಾರು? ಮೊದಲ ಕಪ್ ಎಲ್ಲಿ ಗೆದ್ದದ್ದು? ಮೊದಲ ಜೆರ್ಸಿಯ ಬಣ್ಣ ಯಾವುದು? ಹುಡುಗರು ಮುಖ ಮುಖ ನೋಡಿಕೊಂಡರು. ಹಳೇ ಮಿನಿಟ್ಸ್ ಪುಸ್ತಕ ಎಲ್ಲಿ ಅಂದ್ರೆ, ಗೆದ್ದಲು ತಿಂದು ಹೋಗಿದೆಯಂತೆ.

ಆ ಹುಡುಗರಲ್ಲಿ ಒಬ್ಬ ನೀಲಿ ಜೆರ್ಸಿ ಹಾಕಿದ್ದ. ಎದೆಗೆ ಅಡ್ಡಲಾಗಿ ಹಳದಿ ಪಟ್ಟಿ. "ಇದು ಯಾವ ಟೀಮಿನದ್ದು ಮಾರಾಯಾ?" ಅಂತ ಕೇಳಿದೆ. "ಬೋಕಾ ಜೂನಿಯರ್ಸ್ ಅಣ್ಣಾ. ಅರ್ಜೆಂಟೀನಾದ ಕ್ಲಬ್. ಮರಡೋನಾ ಆಡಿದ್ದು. 1905ರಲ್ಲಿ ಶುರುವಾದದ್ದು" ಅಂತ ಒಂದೇ ಉಸಿರಿಗೆ ಹೇಳಿದ. ಭೂಮಿಯ ಆ ಬದಿಯಲ್ಲಿರುವ ಕ್ಲಬ್ಬಿನ ಜಾತಕ ಗೊತ್ತುಂಟು. ಮನೆ ಹಿಂದಿನ ಗದ್ದೆಯಲ್ಲಿ ಹುಟ್ಟಿದ ಕ್ಲಬ್ಬಿನದ್ದು ಗೊತ್ತಿಲ್ಲ!

ಹುಡುಗನ ತಪ್ಪು ಅಂತ ನಾನು ಹೇಳೋದಿಲ್ಲ. ಬೋಕಾದವರು ನೂರು ವರ್ಷದಿಂದ ತಮ್ಮ ಕಥೆಯನ್ನು ಹೇಳಿಕೊಂಡೇ ಬಂದಿದ್ದಾರೆ. ಬ್ಯೂನಸ್ ಐರಿಸ್ ನಗರದ ಲಾ ಬೋಕಾ ಅಂದ್ರೆ ಬಂದರು ಪ್ರದೇಶ. ನಮ್ಮ ಮಲ್ಪೆ ಥರ ನೀರು, ದೋಣಿ, ದುಡಿಯುವ ಜನ. ಇಟಲಿಯ ಜಿನೋವಾದಿಂದ ವಲಸೆ ಬಂದ ಕುಟುಂಬಗಳ ಹುಡುಗರು ಕಟ್ಟಿದ ಕ್ಲಬ್ ಅದು. ಇವತ್ತಿಗೂ ಅವರನ್ನು 'ಜಿನೋವಾದವರು' ಅಂತಲೇ ಕರೀತಾರೆ. ಜೆರ್ಸಿಗೆ ಯಾವ ಬಣ್ಣ ಅಂತ ತೀರ್ಮಾನ ಆಗದಾಗ, ಬಂದರಿಗೆ ಮುಂದೆ ಬರುವ ಹಡಗಿನ ಬಾವುಟದ ಬಣ್ಣವೇ ನಮ್ಮದು ಅಂದ್ರಂತೆ. ಬಂದದ್ದು ಸ್ವೀಡನ್ ಹಡಗು. ನೀಲಿ, ಹಳದಿ ಹಾಗೆ ಬಂತು ಅನ್ನೋದು ಅಲ್ಲಿಯ ಐತಿಹ್ಯ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬೋಕಾ ಕ್ಲಬ್ಬಿಗೆ ಮಾಲೀಕ ಇಲ್ಲ, ಸದಸ್ಯರಿದ್ದಾರೆ. ಚಂದಾ ಕಟ್ಟುವವರೇ ಮತ ಹಾಕಿ ಅಧ್ಯಕ್ಷರನ್ನು ಆರಿಸ್ತಾರೆ. 2023ರ ಡಿಸೆಂಬರ್‌ನಲ್ಲಿ ಹಾಗೆ ಗೆದ್ದು ಬಂದವರು ಅದೇ ಕ್ಲಬ್ಬಿನ ಹಳೆಯ ಆಟಗಾರ ರಿಕೆಲ್ಮೆ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ವಾರ್ಷಿಕ ಮಹಾಸಭೆ... ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹೌದು, ನಮ್ಮ ಉಡುಪಿ, ಕಾರ್ಕಳ, ಕಾಪುವಿನ ಪ್ರತಿ ಯುವಕ ಮಂಡಲ ನಡೆಯೋದೂ ಹೀಗೆಯೇ.

ಈಗ ನೀವು ಕೇಳಬಹುದು: ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದ ಅಂಥ ಕ್ಲಬ್ ನಮ್ಮ ರಾಜ್ಯದಲ್ಲಿ ಎಲ್ಲಿತ್ತು ಸ್ವಾಮಿ? ಇತ್ತು. ಅದರ ಕಥೆ ಕೇಳೋದಕ್ಕೆ ಮೊದಲು ಬೊಂಬಾಯಿಗೆ ಹೋಗಬೇಕು. ಬೊಂಬಾಯಿ ಕರಾವಳಿಯವರಿಗೆ ಹೊಸದಲ್ಲ. ನಮ್ಮ ಎಷ್ಟೋ ಮನೆಗಳ ಅಜ್ಜಂದಿರು ಹೋಟೆಲಿನಲ್ಲಿ ದುಡಿದ ಊರು ಅದು. ಅದೇ ಊರಲ್ಲಿ ರೋವರ್ಸ್ ಕಪ್ ಅಂತ ಫುಟ್‌ಬಾಲ್ ಟೂರ್ನಿ ನಡೀತಿತ್ತು. ಶುರುವಾದದ್ದು 1891ರಲ್ಲಿ. ವರ್ಷ ವರ್ಷವೂ ಕಪ್ ಎತ್ತಿಕೊಂಡು ಹೋಗ್ತಿದ್ದದ್ದು ಬ್ರಿಟಿಷ್ ಸೇನೆಯ ತಂಡಗಳು.

1937ರಲ್ಲಿ ಆ ಸಾಲು ಮುರಿಯಿತು. ಮುರಿದವರು ಬೆಂಗಳೂರು ಮುಸ್ಲಿಮ್ಸ್. ರೋವರ್ಸ್ ಕಪ್ ಗೆದ್ದ ಭಾರತದ ಮೊದಲ ನಾಗರಿಕ ತಂಡ ಅದು. ಫೈನಲ್‌ನಲ್ಲಿ ಎದುರಿಗಿದ್ದದ್ದು ಯಾರು ಗೊತ್ತಾ? 1934ರಿಂದ ಕಲ್ಕತ್ತಾ ಲೀಗನ್ನು ಬಿಡದೆ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಅಂತರ 1-0. ಮರುವರ್ಷ 1938ರಲ್ಲಿ ಮತ್ತೆ ಗೆದ್ದರು. ಈ ಸಲ ಸೋತದ್ದು ಬ್ರಿಟಿಷ್ ಸೇನೆಯ ತಂಡ, ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಮೂರನೇ ಸಲ.

ನಮ್ಮ ಪಠ್ಯಪುಸ್ತಕ, ಕ್ವಿಜ್ ಎಲ್ಲದರಲ್ಲೂ 1911ರ ಮೋಹನ್ ಬಾಗಾನ್ ಇದೆ. ಬರಿಗಾಲಲ್ಲಿ ಆಡಿ ಬ್ರಿಟಿಷರನ್ನು ಸೋಲಿಸಿದ ಕಥೆ. ಇರಬೇಕು, ದೊಡ್ಡ ಸಾಧನೆ ಅದು. ಆದರೆ ಬಂಗಾಳದವರು 1911ನ್ನು ನೆನಪಿಟ್ಟ ಹಾಗೆ ನಾವು 1937ನ್ನು ನೆನಪಿಟ್ಟಿದ್ದೇವಾ? ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ನಿಂತು ನೂರು ಜನರನ್ನು ಕೇಳಿ. ಬೋಕಾ ಗೊತ್ತಿರುವವರು ಸಿಗ್ತಾರೆ. ಬೆಂಗಳೂರು ಮುಸ್ಲಿಮ್ಸ್ ಗೊತ್ತಿರುವವರು ಒಬ್ಬರು ಸಿಕ್ಕಿದ್ರೆ ನನಗೆ ಫೋನ್ ಮಾಡಿ.

ಬೆಂಗಳೂರಿನಲ್ಲಿ ಈ ಆಟ ಬೆಳೆದದ್ದು ದಂಡು ಪ್ರದೇಶದಲ್ಲಿ. ಸಿಪಾಯಿಗಳು ಆಡೋದನ್ನು ನೋಡಿ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್ ಹುಡುಗರು ಕಲಿತರು. ಬೂಟ್ ಇಲ್ಲ, ಬರಿಗಾಲು. ಆ ಮಣ್ಣಿನಿಂದ ಬಂದವರು ಅಹ್ಮದ್ ಖಾನ್. ಬೆಂಗಳೂರು ಮುಸ್ಲಿಮ್ಸ್ ಪರ ಆಡಿ, 1949ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿಯ 'ಪಂಚ ಪಾಂಡವರು' ಅಂತ ಜನ ಕರೆದ ಐವರು ಮುಂಚೂಣಿ ಆಟಗಾರರಲ್ಲಿ ಇವರೊಬ್ಬರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 2-1ರಿಂದ ಸೋತ ಪಂದ್ಯದಲ್ಲಿ ನಮ್ಮ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ಕ್ಲಬ್ಬಿನ ಹೆಸರಲ್ಲಿ ಒಂದು ಸಮುದಾಯ ಇರಬಹುದು. ದೇಶದ ಜೆರ್ಸಿ ಹಾಕಿ ನಿಂತಾಗ ಅಹ್ಮದ್ ಖಾನ್ ಪಕ್ಕದಲ್ಲಿ ರಾಮನ್ ಇದ್ದರು. ಚೆಂಡು ಯಾರ ಜಾತಿ ಕೇಳಿತು ಹೇಳಿ?

ಹಾಗಾದರೆ ಆ ಕ್ಲಬ್ ಏನಾಯ್ತು? ಒಳ್ಳೆಯ ಆಟಗಾರರನ್ನು ಕಲ್ಕತ್ತಾ ಕರೀತು. ಆಮೇಲೆ ಎಚ್‌ಎಎಲ್, ಐಟಿಐ ಥರದ ಕಾರ್ಖಾನೆ ತಂಡಗಳು ಬಂದವು, ಕೆಲಸ ಕೊಟ್ಟವು. ಆಟಗಾರ ಸಂಬಳ ಸಿಗುವಲ್ಲಿಗೆ ಹೋದ, ಅದು ತಪ್ಪಲ್ಲ. ದೊಡ್ಡ ಟೂರ್ನಿಗಳಲ್ಲಿ ಬೆಂಗಳೂರು ಮುಸ್ಲಿಮ್ಸ್ ಹೆಸರು ಕಾಣೋದು ಕಡಿಮೆಯಾಯ್ತು. ರೋವರ್ಸ್ ಕಪ್ಪೇ 2000-01ರ ನಂತರ ನಡೆದಿಲ್ಲ. 2017ರ ಆಗಸ್ಟ್‌ನಲ್ಲಿ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ತೀರಿಕೊಂಡರು. ಅವತ್ತು ನಮ್ಮಂಥ ಸುದ್ದಿವಾಹಿನಿಗಳಲ್ಲಿ ಅವರಿಗೆ ಎಷ್ಟು ನಿಮಿಷ ಸಿಕ್ಕಿತು? ಆ ಪ್ರಶ್ನೆಗೆ ನಾನೂ ತಲೆ ತಗ್ಗಿಸಬೇಕು. ಅದೇ ಬೆಂಗಳೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್ ಜೊತೆ ಬ್ರೆಜಿಲ್‌ನ ಪೆಲೆ ಪ್ರತಿಮೆಯೂ ಇದೆ. ಪ್ರೀತಿಗೆ ನಮ್ಮಲ್ಲಿ ಬರ ಇಲ್ಲ. ದಾಖಲೆಗೆ ಬರ.

ಇವತ್ತು ಬೆಂಗಳೂರು ಎಫ್‌ಸಿ ಇದೆ. 2013ರಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಕಟ್ಟಿದ ಕ್ಲಬ್. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆದರು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದದ್ದೂ ಸಂತೋಷವೇ. ಮಾಲೀಕ ಇದ್ದ ಕೂಡಲೇ ಕ್ಲಬ್ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಆದರೆ ಮಾಲೀಕ ಕೈ ಬಿಟ್ಟ ದಿನವೂ ಉಳಿಯುವಂಥದ್ದು ಏನಿದೆ, ಅದು ನನ್ನ ಪ್ರಶ್ನೆ.

ಈ ಪ್ರಶ್ನೆ ನಮ್ಮ ಗದ್ದೆಗೂ ಬಂದಿದೆ. ಕರಾವಳಿಯಲ್ಲಿ ಈಗ ಊರೂರಿಗೆ ಪ್ರೀಮಿಯರ್ ಲೀಗ್. ಹುಡುಗರ ಹರಾಜು ನಡೀತದೆ. ಈ ವರ್ಷ ಒಬ್ಬರ ಟೀಮು, ಮುಂದಿನ ವರ್ಷ ಇನ್ನೊಬ್ಬರ ಟೀಮು, ಹೆಸರೂ ಬೇರೆ, ಬಣ್ಣವೂ ಬೇರೆ. ದುಡ್ಡು ಬರ್ತದೆ, ಬರಲಿ. ಆದರೆ ಅಷ್ಟಮಿಗೆ ಮೊಸರು ಕುಡಿಕೆ ಕಟ್ಟಿದ್ದು, ಕೆಸರುಗದ್ದೆಯಲ್ಲಿ ಆಟ ಆಡಿಸಿದ್ದು, ಬಡವರ ಆಪರೇಷನ್ನಿಗೆ ಹುಲಿವೇಷ ಹಾಕಿ ಹಣ ಒಟ್ಟು ಮಾಡಿದ್ದು, ರಕ್ತದಾನಕ್ಕೆ ಮಣಿಪಾಲಕ್ಕೆ ಓಡಿದ್ದು ಹರಾಜಿನ ಟೀಮು ಅಲ್ಲ. ಚಂದಾ ಕಟ್ಟಿದ ಕ್ಲಬ್ಬು.

ನಾನು ಇಂಜಿನಿಯರಿಂಗ್ ಓದಿದವನು. ಬ್ಯಾಕಪ್ ಇಲ್ಲದ ಡೇಟಾ ಇದ್ದೂ ಇಲ್ಲದ ಹಾಗೆ ಅಂತ ನಮಗೆ ಕಲಿಸಿದ್ದಾರೆ. ನಮ್ಮ ಕ್ಲಬ್ಬುಗಳ ಬ್ಯಾಕಪ್ ಅಂದ್ರೆ ಎಪ್ಪತ್ತು ದಾಟಿದ ಆ ಹಳೇ ಕಾರ್ಯದರ್ಶಿಗಳು. ಪುಸ್ತಕ ಗೆದ್ದಲು ತಿಂದರೂ ಅವರ ಬಾಯಲ್ಲಿ ಕಥೆ ಇದೆ. ಅವರೂ ಹೋದರೆ ಮುಗೀತು.

ಅದಕ್ಕೇ ಆ ಹುಡುಗರಿಗೆ ಹೇಳಿದೆ: ಲೇಖನ ನಾನು ಬರೆಯೋದಿಲ್ಲ, ನೀವೇ ಬರೀರಿ. ಈ ಭಾನುವಾರ ಮೊಬೈಲ್ ಹಿಡ್ಕೊಂಡು ಹಳಬರ ಮನೆಗೆ ಹೋಗಿ ಕೂತು, ಅವರು ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿ. ಮೊದಲ ಜೆರ್ಸಿಯ ಬಣ್ಣ ಗೊತ್ತಾದ ದಿನ ನನಗೆ ಒಂದು ಮೆಸೇಜ್ ಹಾಕಿ.

ಮೊನ್ನೆ ರಾತ್ರಿ ಮೆಸೇಜ್ ಬಂತು. ಬೋಕಾ ಜೆರ್ಸಿಯ ಹುಡುಗನದ್ದೇ. "ಅಣ್ಣಾ, ಬಣ್ಣ ಬಿಳಿಯಂತೆ. ಜೆರ್ಸಿಗೆ ದುಡ್ಡಿರಲಿಲ್ಲವಂತೆ, ಎಲ್ಲರೂ ಮನೆಯ ಬಿಳಿ ಬನಿಯನ್ ಹಾಕಿಯೇ ಆಡಿದ್ದಂತೆ."