ಮೇಷ್ಟ್ರು ಕಂಪ್ಯೂಟರ್ ಕಲಿತದ್ದು



'ಶಿಕ್ಷಣದಲ್ಲಿ ತಂತ್ರಜ್ಞಾನ' ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಸುವರ್ಣ ಮಹೋತ್ಸವ ಸಮಿತಿಯವರು ಹೇಳಿದರು. ನಾನು ಸಾಫ್ಟ್‌ವೇರ್ ಕೆಲಸದವನು ಎಂಬ ಕಾರಣಕ್ಕೆ ಇರಬೇಕು. ಆದರೆ ಈ ವಿಷಯದಲ್ಲಿ ನನಗೆ ತಿಳಿದಿರುವುದೆಲ್ಲ ನಮ್ಮ ಶಾಲೆಯ ಗಣಿತ ಮೇಷ್ಟ್ರೊಬ್ಬರನ್ನು ನೋಡಿ ತಿಳಿದದ್ದು. ಹೆಸರು ಹೇಳಕೂಡದೆಂದು ನಿನ್ನೆಯೇ ಫೋನ್ ಮಾಡಿ ತಾಕೀತು ಮಾಡಿದ್ದಾರೆ. ನಿಮಗೆ ಹೇಗೂ ಗೊತ್ತಾಗುತ್ತದೆ ಬಿಡಿ.

2003ರಲ್ಲಿ ನಾನು ಹತ್ತನೇ ತರಗತಿಯಲ್ಲಿದ್ದೆ. 'ಮಾಹಿತಿ ಸಿಂಧು' ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬರುತ್ತಿದ್ದ ಕಾಲ. ಪಾಠಕ್ಕೆ ಹೊರಗಿನಿಂದ ಬೋಧಕರು ಬರುತ್ತಿದ್ದರು, ಹಾಗಾಗಿ ನಮ್ಮ ಮೇಷ್ಟ್ರುಗಳಿಗೆ ಆ ಕೋಣೆಯಲ್ಲಿ ಕೆಲಸವೇ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ದೇವರ ಮನೆಯ ಹಾಗೆ. ಒಂದು ಸಂಜೆ ಮೇಷ್ಟ್ರು ನನ್ನನ್ನು ಕರೆದು, "ಏನೋ, ನೀನು ಅದನ್ನ ಚೆನ್ನಾಗಿ ಓಡಿಸ್ತೀಯಂತೆ. ನನಗೂ ಸ್ವಲ್ಪ ಹೇಳಿಕೊಡೋ" ಎಂದರು. ಅವರಿಗೆ ಆಗ ನಲವತ್ತೆರಡು ವರ್ಷ. ಪ್ರಶ್ನೆಪತ್ರಿಕೆಯನ್ನು ತಾವೇ ಕನ್ನಡದಲ್ಲಿ ಟೈಪ್ ಮಾಡಬೇಕೆಂಬುದು ಅವರ ಆಸೆ.

'ನುಡಿ' ತಂತ್ರಾಂಶ ನಮ್ಮ ಚಾಮರಾಜಪೇಟೆಯಲ್ಲೇ ಇದ್ದ ಕನ್ನಡ ಗಣಕ ಪರಿಷತ್ತಿನದು. ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರ ಕೆಲಸದಿಂದ ಬಂದದ್ದು. ಕಲಿತವರಿಗೆ ಸುಲಭ, ಕಲಿಯುವವರಿಗೆ ಮಾತ್ರ ತಮಾಷೆ. ಕ್ಯೂ ಒತ್ತಿದರೆ ಟ ಬರುತ್ತದೆ, ಡಬ್ಲ್ಯೂ ಒತ್ತಿದರೆ ಡ. ಒತ್ತಕ್ಷರಕ್ಕೆ ನಡುವೆ ಎಫ್ ಬೇಕು. ಮೇಷ್ಟ್ರು ಮೊದಲು ಟೈಪ್ ಮಾಡಲು ಹೊರಟ ಪದ 'ತ್ರಿಭುಜ'. ಟಿ, ಎಫ್, ಆರ್, ಐ, ಶಿಫ್ಟ್ ಹಿಡಿದು ಬಿ, ಆಮೇಲೆ ಯು, ಜೆ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದರು. ನಾಲ್ಕನೇ ಸಲವೂ 'ತ್ರಿಬುಜ' ಎಂದೇ ಬಂತು. ನನಗೆ ತಾಳ್ಮೆ ಕೆಟ್ಟು, "ಬಿಡಿ ಸಾರ್, ನಾನೇ ಹೊಡೆದುಕೊಡ್ತೀನಿ" ಎಂದು ಕೀಲಿಮಣೆಯನ್ನು ನನ್ನ ಕಡೆ ಎಳೆದುಕೊಂಡೆ. ಅವರು ಕೋಪಿಸಿಕೊಳ್ಳಲಿಲ್ಲ. "ಬೋರ್ಡಿನ ಮೇಲೆ ನಿನ್ನ ಲೆಕ್ಕ ನಾನೇ ಮಾಡಿಬಿಟ್ಟರೆ ನೀನು ಕಲೀತೀಯೇನೋ?" ಎಂದು ಅದನ್ನು ಮತ್ತೆ ತಮ್ಮ ಮುಂದಕ್ಕೆ ಎಳೆದುಕೊಂಡರು. ಆ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಅವರದೇ ಟೈಪಿಂಗ್. ಎರಡು ತಪ್ಪಿದ್ದವು.

ಅವರಿಂದ ನಾನು ಏನಾದರೂ ಕಲಿತೆನೇ ಅಂದರೆ, ಇಲ್ಲ. ಬಿ.ಇ. ಮುಗಿಸಿ, ಕೆಲಸ ಸಿಕ್ಕಿ, 2014ರಲ್ಲಿ ನಾವು ಕೆಲವರು ಸೇರಿ ಶಾಲೆಗೆ ನಾಲ್ಕು ಹಳೆಯ ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಕೊಟ್ಟೆವು. ಶಾಲು, ಹಾರ, ಫೋಟೋ ಎಲ್ಲ ಆಯಿತು. ನಾನು ಶಿಕ್ಷಕರಿಗೆ ಎರಡು ಗಂಟೆ ತರಬೇತಿ ಕೊಟ್ಟೆ. ಆಫೀಸಿನಲ್ಲಿ ಮಾತಾಡುವ ವೇಗದಲ್ಲೇ, ಅರ್ಧ ಇಂಗ್ಲಿಷಿನಲ್ಲಿ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಯಿತೆಂದು ಖುಷಿಯಿಂದ ಮನೆಗೆ ಹೋದೆ. ಆರು ತಿಂಗಳ ನಂತರ ಬಂದು ನೋಡಿದರೆ ಅಷ್ಟೂ ಬೀರುವಿನೊಳಗೆ, ಪ್ಲಾಸ್ಟಿಕ್ ಹೊದಿಕೆ ಸಮೇತ ಇದ್ದವು.

ಮೇಷ್ಟ್ರು ನಡುವೆ ಎರಡು ಕಡೆ ವರ್ಗವಾಗಿ ಹೋಗಿ ಮತ್ತೆ ಇಲ್ಲಿಗೇ ಬಂದಿದ್ದರು. ಯಾಕೆ ಹೀಗೆ ಸಾರ್ ಎಂದು ಕೇಳಿದೆ. ಬೀರುವಿನ ಬೀಗದ ಕೈ ಮುಖ್ಯೋಪಾಧ್ಯಾಯರ ಹತ್ತಿರ. ವಸ್ತು ದಾಸ್ತಾನು ಪುಸ್ತಕದಲ್ಲಿದೆ, ಕೆಟ್ಟರೆ ಬಳಸಿದವರು ಉತ್ತರ ಹೇಳಬೇಕು. ಕಿಟಕಿಗೆ ಪರದೆಯಿಲ್ಲ, ಹಗಲಲ್ಲಿ ಗೋಡೆಯ ಮೇಲೆ ಏನೂ ಕಾಣುವುದಿಲ್ಲ. ಯುಪಿಎಸ್ ಬ್ಯಾಟರಿ ಸತ್ತಿದೆ. ನಲವತ್ತು ನಿಮಿಷದ ಅವಧಿಯಲ್ಲಿ ಹದಿನೈದು ನಿಮಿಷ ವೈರು ಜೋಡಿಸುವುದಕ್ಕೇ ಬೇಕು. ಇದೆಲ್ಲ ಹೇಳಿ ಕೊನೆಗೆ, "ನೀನು ಕೇಳಲಿಲ್ಲವಲ್ಲೋ" ಎಂದರು.

ಆಮೇಲೆ ನಾನು ಶನಿವಾರ ಬೆಳಗಿನ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರತೊಡಗಿದೆ. ವೈರು ಜೋಡಿಸುವುದಷ್ಟೇ ನನ್ನ ಕೆಲಸ. ಮೇಷ್ಟ್ರು ಅಷ್ಟರಲ್ಲಿ ಇಲಾಖೆಯ ತರಬೇತಿಯೊಂದರಲ್ಲಿ ಜಿಯೋಜಿಬ್ರಾ ಕಲಿತು ಬಂದಿದ್ದರು. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ, ಶಾಲೆಗಳಿಗೆ ಉಚಿತವಾಗಿ ಸಿಗುವ ಗಣಿತದ ತಂತ್ರಾಂಶ ಅದು. ತ್ರಿಭುಜ ಬರೆದು ಒಂದು ಮೂಲೆ ಹಿಡಿದು ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯೇ.

ನಾನಾಗಿದ್ದರೆ ಮೊದಲೇ ಅದನ್ನು ಎಳೆದು ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಅವರು ಮೊದಲು ಎಲ್ಲರಿಗೂ ನೋಟ್‌ಬುಕ್ಕಿನಲ್ಲಿ ತಮಗಿಷ್ಟ ಬಂದ ತ್ರಿಭುಜ ಬರೆಯಲು ಹೇಳಿ, ಕೋನಮಾಪಕದಿಂದ ಅಳೆಸಿದರು. ಒಬ್ಬನಿಗೆ 178 ಬಂತು, ಇನ್ನೊಬ್ಬಳಿಗೆ 183. ಅದಾದ ಮೇಲೆ ಪ್ರೊಜೆಕ್ಟರ್. ಹಿಂದಿನ ಬೆಂಚಿಗೂ ಕಾಣಲೆಂದು ದಶಮಾಂಶ ಒಂದೇ ಸ್ಥಾನಕ್ಕೆ ಇಟ್ಟಿದ್ದರು. ಎಳೆದು ಬಿಟ್ಟಾಗ ಗೋಡೆಯ ಮೇಲೆ 47.4, 62.3, 70.4 ಎಂದು ಬಂತು. ಹೂವಿನ ವ್ಯಾಪಾರದವರ ಮಗಳೊಬ್ಬಳು ಬಾಯಲ್ಲೇ ಕೂಡಿ, "ಸಾರ್, ನೂರ ಎಂಬತ್ತು ಪಾಯಿಂಟ್ ಒಂದು ಆಗುತ್ತೆ. ಕಂಪ್ಯೂಟರ್ರೂ ತಪ್ಪಾ?" ಎಂದಳು.

ಉತ್ತರ ನನಗೆ ಗೊತ್ತಿತ್ತು. ಎದ್ದು ನಿಲ್ಲುವಷ್ಟರಲ್ಲಿ ಮೇಷ್ಟ್ರು ನನ್ನತ್ತ ನೋಡದೆಯೇ ಕೈ ಸನ್ನೆ ಮಾಡಿ ಕೂರಿಸಿದರು. "ನನಗೂ ಗೊತ್ತಿಲ್ಲಮ್ಮ. ಯಾರ ತಪ್ಪು ಅಂತ ಎಲ್ಲರೂ ನೋಡೋಣ" ಎಂದರು. ನಿಜವಾಗಿಯೂ ಗೊತ್ತಿರಲಿಲ್ಲವೋ, ಮಕ್ಕಳಿಗಾಗಿ ಹಾಗೆಂದರೋ, ಇವತ್ತಿಗೂ ಕೇಳಿಲ್ಲ. ಹತ್ತು ನಿಮಿಷ ಗಲಾಟೆಯಾಯಿತು. ಕೊನೆಗೆ ಒಬ್ಬ ಹುಡುಗ, ಕಂಪ್ಯೂಟರ್ ಚಿಲ್ಲರೆ ಸರಿಮಾಡಿ ತೋರಿಸುತ್ತಿದೆ ಎಂದ. ಅಂಗಡಿ ಲೆಕ್ಕ ನೋಡಿದ ಹುಡುಗ. ದಶಮಾಂಶವನ್ನು ಎರಡು ಸ್ಥಾನಕ್ಕೆ ಬದಲಿಸಿದಾಗ 47.36, 62.27, 70.37 ಬಂತು. ಅವಳು ಮತ್ತೆ ಕೂಡಿದಳು. ಸರಿಹೋಯಿತು.

2020ರಲ್ಲಿ ಶಾಲೆ ಮುಚ್ಚಿದಾಗ ಪಾಠಗಳು ದೂರದರ್ಶನದ ಚಂದನದಲ್ಲಿ ಬಂದವು. ನಮ್ಮ ಮಕ್ಕಳ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನ್, ಅದೂ ಬೆಳಿಗ್ಗೆ ಅಪ್ಪನ ಜೊತೆ ಮಾರ್ಕೆಟ್ಟಿಗೆ ಹೋಗುತ್ತಿತ್ತು. ಆನ್‌ಲೈನ್ ತರಗತಿಗೆ ಯಾವ ಆ್ಯಪ್ ಒಳ್ಳೆಯದೆಂದು ನಾನು ಉದ್ದದ ಸಂದೇಶ ಕಳಿಸಿದ್ದೆ. ಮೇಷ್ಟ್ರು ಅದಕ್ಕೆ ಉತ್ತರಿಸಲಿಲ್ಲ. ರಾತ್ರಿ ಒಂಬತ್ತರ ಮೇಲೆ, ಅಪ್ಪಂದಿರು ಮನೆಗೆ ಬಂದ ಹೊತ್ತಿನಲ್ಲಿ, ಮಾಮೂಲಿ ಕರೆ ಮಾಡಿ ಒಬ್ಬೊಬ್ಬರಿಗೇ ಲೆಕ್ಕ ಹೇಳಿಕೊಡುತ್ತಿದ್ದರು. ಮರುವರ್ಷ ನಿವೃತ್ತರಾದರು.

ಈಗ ಸಮಿತಿ ಸುವರ್ಣ ಮಹೋತ್ಸವದ ನೆನಪಿಗೆ ಸ್ಮಾರ್ಟ್ ಬೋರ್ಡ್ ಕೊಡಬೇಕೆಂದು ಯೋಚಿಸುತ್ತಿದೆ. ನಾನೂ ಆ ಸಮಿತಿಯಲ್ಲಿದ್ದೇನೆ, ಬೇಡ ಎನ್ನುವುದಿಲ್ಲ. ಆದರೆ ಸಂಗ್ರಹವಾದ ಹಣದಲ್ಲಿ ಒಂದು ಪಾಲನ್ನು ಪರದೆಗೆ, ಬ್ಯಾಟರಿಗೆ, ಮುಂದಿನ ಐದು ವರ್ಷದ ರಿಪೇರಿಗೆ ಎತ್ತಿಡಬೇಕು. ಕೆಟ್ಟರೆ ಯಾವ ಶಿಕ್ಷಕರೂ ಕೈಯಿಂದ ಕೊಡಬೇಕಾಗಿಲ್ಲ ಎಂದು ಬರೆದುಕೊಡಬೇಕು. ಯಾವ ಬೋರ್ಡ್ ಎಂದು ತೀರ್ಮಾನಿಸುವ ಮೊದಲು ಈಗಿರುವ ಶಿಕ್ಷಕರನ್ನು ಕೇಳಬೇಕು, ಅವರು ಹೇಳಿ ಮುಗಿಸುವವರೆಗೆ ನಾವು ಬಾಯಿ ಮುಚ್ಚಿಕೊಂಡಿರಬೇಕು. ಮತ್ತು ಶನಿವಾರಗಳಂದು ಹಿಂದಿನ ಬೆಂಚಿನಲ್ಲಿ ಕೂರಲು ಜನ ಬೇಕು. ಆಫೀಸ್ ಕೋಣೆಯಲ್ಲಿ ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಊಟಕ್ಕೆ ಹೋಗುವ ಮುನ್ನ ನಿಮಗೆ ಯಾವ ಶನಿವಾರ ಆಗುತ್ತದೋ ಅದರ ಮುಂದೆ ಹೆಸರು ಬರೆಯಿರಿ. ಮೊದಲ ಶನಿವಾರಕ್ಕೆ ಮೇಷ್ಟ್ರು ಆಗಲೇ ತಮ್ಮ ಹೆಸರು ಬರೆದಾಗಿದೆ.